ನಸ್ರೀನ್ ತಂದ ಸ್ಕಿಮ್ಮರ್

ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಕೂತು ಮೀನಿನ ತೊಟ್ಟಿಯ ಸ್ಕಿಮ್ಮರಿನ ಬಟ್ಟಲು ತೊಳೆಯುತ್ತಿದ್ದೆ. ಅದರ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದಿದ್ದರೆ ನಷ್ಟವೇನೂ ಇಲ್ಲ ಬಿಡಿ. ಹಳಸಿದ ಸೊಪ್ಪಿನ ನೀರು, ಒದ್ದೆ ಗೋಣಿಚೀಲ, ಅವುಗಳ ಸಂದಿಯಲ್ಲೆಲ್ಲೋ ಒಂದಿಷ್ಟು ಸಮುದ್ರ. ಕಿಟಕಿ ತೆರೆದರೆ ಸಿಮೆಂಟಿನ ಧೂಳು ಬಂದು ಕೂರುವ ಸೇಡಂನಲ್ಲಿ ಸಮುದ್ರದ ವಾಸನೆ ಇರುವುದು ಬಹುಶಃ ನನ್ನ ಬಚ್ಚಲಲ್ಲಿ ಮಾತ್ರ. ಸಮುದ್ರವನ್ನು ನಾನು ನೋಡಿದ್ದು ಒಂದೇ ಸಲ. ಈ ವಾಸನೆಗೆ ನನಗೆ ನೆನಪಾಗುವವಳು ನಸ್ರೀನ್.

ನಸ್ರೀನ್ ಶಹಾಬಾದಿನವಳು. ಇಲ್ಲಿಯ ಆಸ್ಪತ್ರೆಯಲ್ಲಿ ಅವಳು ನರ್ಸ್, ನಾನು ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಒಂಟಿ ಹೆಂಗಸಿಗೆ ಮನೆ ಕೊಡಲು ಊರು ಮೀನಮೇಷ ಎಣಿಸುತ್ತಿದ್ದ ಕಾಲದಲ್ಲಿ, ಕೊಡ್ಲಿ ಎಂಬ ಹಳ್ಳಿಯಿಂದ ಬಂದು ಇಲ್ಲಿ ಮನೆ ಕಟ್ಟಿಸಿದ್ದ ಶರಣಮ್ಮನವರು ಹಿಂದುಮುಂದು ನೋಡದೆ ಕೆಳಗಿನ ಭಾಗ ನಮಗೆ ಕೊಟ್ಟರು. ಅಲ್ಲಿ ನಾವು ವರ್ಷಗಟ್ಟಲೆ ಇದ್ದೆವು. ಅವಳು ರಾತ್ರಿಪಾಳಿ ಮುಗಿಸಿ ಬರುವಾಗ ನಾನು ಹೊರಡುತ್ತಿದ್ದೆ. ಬಾಗಿಲಲ್ಲಿ ನಿಂತೇ ಎರಡು ದಿನಕ್ಕಾಗುವಷ್ಟು ಮಾತಾಡುತ್ತಿದ್ದೆವು.

ಇನ್ನು ಮದುವೆಯ ಮಾತೇ ಇಲ್ಲ ಎಂದು ಎಲ್ಲರೂ ಕೈಬಿಟ್ಟ ವಯಸ್ಸಿನಲ್ಲಿ ಅವಳಿಗೆ ಹೈದರಾಬಾದಿನಿಂದ ಸಂಬಂಧ ಬಂತು. ಹೆಂಡತಿ ತೀರಿಕೊಂಡ ದರ್ಜಿ, ಬೆಳೆದ ಹೆಣ್ಣುಮಕ್ಕಳು, ಮನೆಯಲ್ಲಿ ವಯಸ್ಸಾದ ತಾಯಿ.

“ಏನ್ ಮಾಡ್ಲಿ ಅಕ್ಕಾ?” ಅಂದಳು.

“ಮಂದಿ ಚೊಲೋ ಅದಾರಂದ್ರ ಹೂಂ ಅನ್ನು,” ಅಂದೆ. ಒಳಗೆ ಹೋಗಿ ಬೇಳೆಗೆ ಎರಡು ಸಲ ಉಪ್ಪು ಹಾಕಿದೆ. ಇಬ್ಬರೂ ಅದನ್ನೇ ಉಂಡೆವು.

ಅವಳು ಹೋದ ಮೇಲೆ ಅವಳ ಕೋಣೆ ಖಾಲಿ ಬಿತ್ತು. ಆಸ್ಪತ್ರೆಯಿಂದ ಬಂದು ಬೀಗ ತೆಗೆದರೆ ಬೀಗದ ಸದ್ದು ಮನೆಯೆಲ್ಲ ಕೇಳುತ್ತಿತ್ತು. ಕಲಬುರಗಿಯ ಹಲ್ಲಿನ ದವಾಖಾನೆಯೊಂದರಲ್ಲಿ ಉಪ್ಪುನೀರಿನ ತೊಟ್ಟಿ ನೋಡಿದ್ದೆ: ಕಿತ್ತಳೆ ಬಣ್ಣದ ಮೀನು, ಗಾಳಿಗೆ ಆಡುವ ಹೂವಿನಂಥ ಹವಳ. ಹಲ್ಲು ಕೀಳಿಸಿಕೊಂಡದ್ದು ಮರೆತುಹೋಗಿತ್ತು, ಮೀನು ಮರೆತಿರಲಿಲ್ಲ. ಅಂಥದೇ ಒಂದನ್ನು ತಂದು ಅವಳ ಮಂಚವಿದ್ದ ಜಾಗದಲ್ಲಿ ಇಟ್ಟೆ. ಶರಣಮ್ಮನವರು ನಾನು ನೀರಿಗೆ ಉಪ್ಪು ಅಳೆದು ಹಾಕುವುದನ್ನು ನೋಡುತ್ತ ನಿಂತರು.

“ನೀರಿಗಿ ಉಪ್ಪು ಹಾಕೀರಿ, ಮೀನ ಬಿಟ್ಟೀರಿ. ಇನ್ನ ಒಲಿ ಹಚ್ಚೂದೊಂದ ಉಳೀತು ನೋಡ್ರಿ,” ಅಂದರು. ಅವರು ಮೀನು ಮುಟ್ಟುವವರೂ ಅಲ್ಲ.

ಕೆಲವು ತಿಂಗಳಲ್ಲಿ ತೊಟ್ಟಿ ಮಂಕಾಗತೊಡಗಿತು. ಗಾಜಿಗೆ ಪಾಚಿ, ನೀರಿನ ಮೇಲೆ ಎಣ್ಣೆಯ ಪದರ. ಅರಳುತ್ತಿದ್ದ ಹವಳ ಮುದುಡಿ ಕೂತಿತು. ಸ್ಕಿಮ್ಮರ್ ಬೇಕು ಎಂದರು ತಿಳಿದವರು. ಅದೊಂದು ಕೊಳವೆ, ಕೆಳಗೊಂದು ಪಂಪು. ಪಂಪು ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಒಡೆಯುತ್ತದೆ. ಮೀನಿನ ಹೇಲು, ಉಳಿದ ತಿಂಡಿಯ ಜಿಡ್ಡು ಎಲ್ಲ ಆ ಗುಳ್ಳೆಗೆ ಅಂಟಿ, ನೊರೆಯಾಗಿ ಮೇಲೇರಿ, ಬಟ್ಟಲಲ್ಲಿ ಬೀಳುತ್ತದೆ. ಇಷ್ಟೇ. ಆದರೆ ಆರಿಸಲು ಹೊರಟರೆ ತೊಟ್ಟಿಯ ಬೆನ್ನಿಗೆ ತೂಗುಹಾಕುವುದೋ, ಕೆಳಗಿನ ಪೆಟ್ಟಿಗೆಯೊಳಗೆ ಇಡುವುದೋ? ಸದ್ದಿಲ್ಲದ ಪಂಪೋ, ಗಟ್ಟಿ ಪಂಪೋ? ತೊಟ್ಟಿಯ ಅಳತೆಯದೋ, ಒಂದಳತೆ ದೊಡ್ಡದೋ?

ಭಾನುವಾರ ನಸ್ರೀನಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಷ್ಟರಲ್ಲಾಗಲೇ ನಮ್ಮ ಮಾತು ಕಡಿಮೆಯಾಗಿತ್ತು. ಅವಳ ಮನೆಯಲ್ಲಿ ಏನಾಯಿತೆಂದು ಕೇಳಿದರೆ ನನಗೆ ಪರಿಚಯವಿಲ್ಲದ ಹೆಸರುಗಳು ಬರುತ್ತಿದ್ದವು, ನನ್ನ ಮನೆಯಲ್ಲಿ ಏನೂ ಆಗಿರುತ್ತಿರಲಿಲ್ಲ. ಆದರೆ ಸ್ಕಿಮ್ಮರಿನ ಮಾತು ಬೆಳೆಯಿತು. ಅವಳಿಗೆ ಅದರ ಗಂಧಗಾಳಿ ಇರಲಿಲ್ಲ. ಆದರೂ ಕೇಳುತ್ತಿದ್ದಳು.

“ಹೋದ ವಾರ ತೂಗುಹಾಕೂದೇ ಚೊಲೋ ಅಂದಿದ್ದಿ?”

“ಅದು ನೀರು ಸೋರ್ತದಂತ.”

“ಮತ್ತ ಒಳಗಿಡೂದು ತಗೋ.”

“ಅದು ನಮ್ಮ ಪೆಟಗೀಗಿ ಎತ್ತರ ಆಗ್ತದೋ ಏನೋ. ನೋಡ್ತೀನಿ, ಮುಂದಿನ ವಾರ ಹೇಳ್ತೀನಿ.”

ಮುಂದಿನ ವಾರ ನಾನು ಮತ್ತೊಂದು ಜಾತಿಯದನ್ನು ಹುಡುಕಿಟ್ಟುಕೊಂಡಿರುತ್ತಿದ್ದೆ. ನಿಮಗೆ ಆಗಲೇ ಗೊತ್ತಾಗಿದೆ, ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ರಕ್ತದಲ್ಲಿನ ಸಕ್ಕರೆಯ ಬಗ್ಗೆ ಒಂದು ಕ್ಷಣದಲ್ಲಿ ತೀರ್ಮಾನ ಹೇಳುವವಳು ಒಂದು ಪ್ಲಾಸ್ಟಿಕ್ ಕೊಳವೆಯ ಮುಂದೆ ಬೇಸಿಗೆಯಿಡೀ ತೂಗಾಡಿದೆ. ಅವಳು ಮನೆಗೆ ಕರೆದಾಗಲೆಲ್ಲ “ಮೀನ ಬಿಟ್ಟು ಹ್ಯಾಂಗ ಬರ್ಲಿ?” ಎಂದುಬಿಡುತ್ತಿದ್ದೆ. ಅವಳ ಹೊಸ ಮನೆಯಲ್ಲಿ ನಾನು ಯಾರೆಂದು ಕೂರಬೇಕು ಎನ್ನುವುದು ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಫೋನ್ ಮಾಡುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ನಸ್ರೀನ್. ಬುರ್ಖಾದ ಮೇಲೆ ರೈಲಿನ ಧೂಳು, ತೋಳಲ್ಲಿ ಮಗುವಿನಂತೆ ಅವುಚಿಕೊಂಡ ದೊಡ್ಡ ಡಬ್ಬಿ.

“ಸಾಕಾತು ಅಕ್ಕಾ ನಿನ್ನ ಸ್ಕಿಮ್ಮರ್ ಪುರಾಣ. ತಗೋ.”

ಡಬ್ಬಿ ಬಿಚ್ಚಿದೆ. ನನ್ನ ತೊಟ್ಟಿಗೆ ಬೇಕಾದ್ದಕ್ಕಿಂತ ಎಷ್ಟೋ ದೊಡ್ಡದು. “ಇಷ್ಟು ದೊಡ್ಡದು ಯಾಕ ತಂದಿ?” ಅಂದರೆ, “ಅಂಗಡ್ಯವ ಇದೇ ಅಂದ,” ಎಂದು ತೋಳೇರಿಸಿ ಕೂತಳು. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಕೊಳವೆ ಜೋಡಿಸಿದೆವು. ಪೆಟ್ಟಿಗೆಯ ಒಂದು ಹಲಗೆ ಗರಗಸದಿಂದ ಕೊಯ್ಯಬೇಕಾಯಿತು. ಪಂಪು ಗುಂಯ್ ಎಂದಿತು. ನೊರೆ ಮಾತ್ರ ಬರಲಿಲ್ಲ. ಹೊಸ ಸ್ಕಿಮ್ಮರ್ ನೀರಿಗೆ ಹೊಂದಿಕೊಳ್ಳಲು ಕೆಲವು ದಿನ ಬೇಕು ಎಂದು ಓದಿದ್ದೆ. ಅವಳಿಗೆ ಹೇಳಿದರೂ ಅವಳು ಚಹಾ ಹಿಡಿದು ಅದರ ಮುಂದೆಯೇ ಕೂತಳು. ಸಂಜೆಯ ರೈಲಿಗೆ ಹೊರಡಬೇಕಾಯಿತು.

“ನೊರಿ ಬಂದ ಮ್ಯಾಲ ಫೋನ್ ಮಾಡು,” ಅಂದಳು.

ವಾರದೊಳಗೆ ನೊರೆ ಬಂತು. ದಟ್ಟವಾಗಿ, ಕಂದುಬಣ್ಣದ್ದು. ಹವಳ ಮೆಲ್ಲಗೆ ಬಿಚ್ಚಿಕೊಂಡಿತು. ಫೋನ್ ಮಾಡಿ ಹೇಳಿದೆ, ಅವಳು ಖುಷಿಪಟ್ಟಳು. ಮುಂದಿನ ಭಾನುವಾರ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ, ಹೇಳಲು ಏನೂ ಇರಲಿಲ್ಲ. ನೀರು ತಿಳಿಯಾಗಿತ್ತು. ಮೀನುಗಳು ನಾನಿಲ್ಲದೆಯೂ ಚೆನ್ನಾಗಿದ್ದವು. ಆ ತಿಂಗಳುಗಳನ್ನು ಹೇಗೆ ಕಳೆದೆನೋ ಕೇಳಬೇಡಿ. ಆಸ್ಪತ್ರೆಯಲ್ಲಿ ಬೇರೆಯವರ ಪಾಳಿಯನ್ನೂ ಕೇಳಿ ಪಡೆದು ಮಾಡಿದೆ.

ಅವಳ ಗಂಡನ ಹಿರಿಮಗಳ ನಿಶ್ಚಿತಾರ್ಥಕ್ಕೆ ಕರೆ ಬಂದಾಗ ಹೋಗದಿರಲು ಕಾರಣ ಸಿಗಲಿಲ್ಲ. ಬೆಳಗಿನ ರೈಲಿಗೆ ಹೋಗಿ ಸಂಜೆಗೆ ವಾಪಸಾಗುವುದೆಂದು ಹೊರಟೆ. ಮನೆ ತುಂಬ ಜನ. ನನ್ನನ್ನು ಸೋಫಾದಲ್ಲಿ ಕೂರಿಸಿ, ಹೂಬಳ್ಳಿಯ ಕಪ್ಪಿನಲ್ಲಿ ಚಹಾ ಕೊಟ್ಟು, ಬಂದುಹೋಗುವವರಿಗೆಲ್ಲ “ಸೇಡಂನವರು” ಎಂದು ಪರಿಚಯಿಸಿದರು. ನಸ್ರೀನ್ ಅಡುಗೆಮನೆಯಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡುತ್ತಿದ್ದಳು. ನಡುಮಧ್ಯಾಹ್ನವೇ ನಾನು ಚೀಲ ಎತ್ತಿಕೊಂಡೆ.

“ಎಲ್ಲಿಗಿ?” ಎಂದು ಹಿಟ್ಟಿನ ಕೈಯಲ್ಲೇ ಬಂದಳು.

“ಮೀನ ಅದಾವಲ್ಲ.”

ಅವಳು ನನ್ನ ಚೀಲ ಕಸಿದುಕೊಂಡಳು. “ಅಂಗಡ್ಯವಗ ನಾ ಕೇಳಿದ್ದು ಒಂದೇ ಮಾತು ಅಕ್ಕಾ. ಯಾವುದು ಹಾಕಿದ್ರ ನಮ್ಮಕ್ಕ ನಾಕು ದಿನ ಮನಿ ಬಿಟ್ಟು ಬರಬಹುದು ಅಂತ. ಬಟ್ಟಲ ಲಗೂ ತುಂಬಬಾರದಂತ ಅಷ್ಟು ದೊಡ್ಡದು ಕೊಟ್ಟ. ಅದನ್ನ ತೊಡಿ ಮ್ಯಾಲ ಇಟ್ಗೊಂಡು ಸೇಡಂ ತನಕ ಬಂದೀನಿ. ಈಗ ಮೀನ ಅಂತೀಯಲ್ಲ!”

ಅವಳ ಕಣ್ಣು ತುಂಬಿತ್ತು, ಸಿಟ್ಟೂ ಇತ್ತು. ನಾನು ಉಳಿದೆ. ಮರುದಿನವೂ ಉಳಿದೆ.

ಈಗ ರಜೆ ಕೂಡಿಬಂದಾಗಲೆಲ್ಲ ಹೋಗುತ್ತೇನೆ. ನಿನ್ನೆ ತಿರುಗಿ ಬಂದೆ. ಬೀಗ ತೆಗೆದಾಗ ಮನೆ ಖಾಲಿಯೇ ಇತ್ತು. ಅದು ಇನ್ನು ತುಂಬುವುದಿಲ್ಲ, ತುಂಬಲೆಂದು ನಾನೂ ಕಾಯುತ್ತಿಲ್ಲ. ಈ ಸಲ ಹೈದರಾಬಾದಿನಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಬೆಳಿಗ್ಗೆ ಎದ್ದು ಸೋಫಾದ ತುದಿಯಲ್ಲಿ ಕೂತಿದ್ದೆ. ನಸ್ರೀನಳ ಅತ್ತೆ ತಸ್ಬಿಯ ಜಪಮಣಿ ಎಣಿಸುತ್ತಿದ್ದವರು ತಲೆಯೆತ್ತದೆ, “ಅಂದರ್ ಚಾಯ್ ಹೈ, ತುಮೀಚ್ ಲೇಲೋ,” ಅಂದರು. ಒಳಗೆ ಚಹಾ ಇದೆ, ನೀನೇ ಬಸಿದುಕೋ ಎಂದು. ನಾನು ಎದ್ದು ಅಡುಗೆಮನೆಗೆ ಹೋದೆ. ಕಪ್ಪುಗಳು ಎಲ್ಲಿರುತ್ತವೆ ಎಂದು ಯಾರೂ ಹೇಳಬೇಕಾಗಲಿಲ್ಲ.