ಗಂಡನ ಹೆಸರು ಕೂಗಿದ ಪುಟ್ಟಮಲ್ಲಮ್ಮ

ಬೇಗೂರಿನ ಪುಟ್ಟಮಲ್ಲಮ್ಮ ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಗಂಡನ ಹೆಸರನ್ನು ಒಂದೇ ಒಂದು ಸಲವೂ ಬಾಯಲ್ಲಿ ಆಡಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಪಕ್ಕದವರ ಕೈಲಿ ಹೇಳಿಸಿದ ಗಟ್ಟಿಗಿತ್ತಿ. ಅವಳಿಗೆ ಹೆಸರಾದರೂ ಯಾಕೆ ಬೇಕಿತ್ತು ಹೇಳಿ? ಒಂದು 'ರೀ' ಸಾಕಿತ್ತು. ಕೋಪದ ರೀ, ಅಕ್ಕರೆಯ ರೀ, ಹಾವು ಕಂಡಾಗಿನ ರೀ, ಎಲ್ಲ ಗಂಡ ನೀಲಕಂಠಸ್ವಾಮಿಗೆ ದನಿಯಲ್ಲೇ ಗೊತ್ತಾಗುತ್ತಿತ್ತು. ಊಟದ ಹೊತ್ತಿಗೆ ಬದುವಿನ ಮೇಲೆ ನಿಂತು "ರೀ, ಆನೆ ಬಂತು, ಬನ್ನಿ!" ಅಂತ ತಮಾಷೆಗೆ ಕೂಗುವುದು ಅವಳ ವಾಡಿಕೆ. ಕಾಡಂಚಿನ ಹೊಲ, ನಿಜವಾಗಿ ಆನೆ ಬಂದಾಗಲೂ ಅದೇ ಮಾತು. ಯಾವುದು ಹುಡುಗಾಟ, ಯಾವುದು ನಿಜ ಅಂತ ಅವನು ಒಂದು ದಿನಕ್ಕೂ ತಪ್ಪು ತಿಳಿದಿರಲಿಲ್ಲ.

ಹೋದ ವರ್ಷ ಅವನಿಗೆ ಸ್ಟ್ರೋಕ್ ಆಯಿತು. ಎಡಗೈ ಮೂರು ತಿಂಗಳಲ್ಲಿ ಸರಿಹೋಯಿತು, ಮಾತೂ ಚೆನ್ನಾಗೇ ಇತ್ತು. ಆದರೆ ಅವಳು ರೇಗಿದರೂ ಅವನಿಗೆ ಒಂದೇ, ಮುದ್ದಿಸಿದರೂ ಒಂದೇ. ಚಾಮರಾಜನಗರದ ಡಾಕ್ಟರು ಬಿಡಿಸಿ ಹೇಳಿದರು: "ಕಿವಿ ಚೆನ್ನಾಗಿದೆ ಕಣಮ್ಮ. ಮಾತಿನ ಅರ್ಥ ಹಿಡಿಯೋದು ಹೆಚ್ಚಾಗಿ ಮೆದುಳಿನ ಎಡಭಾಗ. ದನಿಯಲ್ಲಿರೋ ಕೋಪ, ಹೆದರಿಕೆ ಹಿಡಿಯೋಕೆ ಬಲಭಾಗ ಬೇಕು. ಇವರಿಗೆ ಪೆಟ್ಟು ಬಿದ್ದಿರೋದು ಅಲ್ಲೇ. ಏನಿದ್ರೂ ಬಾಯಿಬಿಟ್ಟು ಹೇಳಿ."

ಹೇಳೋದೇನೋ ಸುಲಭ. ಅವಳ ನಾಲಿಗೆ ಹಳೇ ಜಾಡು ಬಿಡಬೇಕಲ್ಲ!

ಒಂದು ಮಧ್ಯಾಹ್ನ ಅವನು ಅರಿಸಿನದ ಸಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದ. ಅವನ ಬೆನ್ನ ಹಿಂದೆ ಪೊದೆಯಿಂದ ಒಂಟಿ ಸಲಗ ಹೊರಬಂತು. ಬದುವಿನ ಮೇಲಿದ್ದ ಪುಟ್ಟಮಲ್ಲಮ್ಮ ಹೆದರಿ ಕೂಗಿದಳು:

"ರೀ, ಆನೆ ಬಂತು, ಬನ್ನಿ!"

"ಬತ್ತೀನಿ ಇರು," ಅಂದ ಅವನು, ತಿರುಗಿಯೂ ನೋಡದೆ. "ಅದ್ಕೂ ಒಂದು ಮುದ್ದೆ ಮಡಗು."

"ಅಯ್ಯೋ, ನಿಜವಾಗ್ಲೂ ಕಣ್ರೀ!"

"ದಿನಾ ನಿಜಾನೇ ಅಲ್ವಾ ನಿಂದು!"

ಸಲಗ ಸದ್ದಿಲ್ಲದೆ ಬೇಲಿ ದಾಟಿತು. ಕಟ್ಟಳೆ ಹಾಳಾಗಿ ಹೋಗಲಿ ಅಂತ ಅವಳು ಅರಚಿದಳು: "ನೀಲಕಂಠಾ! ಎದ್ದೋಡೋ!"

ಹೆಂಡತಿ ಬಾಯಲ್ಲಿ ತನ್ನ ಹೆಸರು! ಅವನು ದಂಗಾಗಿ ಇತ್ತ ತಿರುಗಿದ. ಅವಳ ಕೈ ತೋರಿಸಿದ ಕಡೆ ಆನೆ ಕಂಡಿತು. ಎದ್ದೆನೋ ಬಿದ್ದೆನೋ ಅಂತ ಓಡಿದ. ಸಲಗ ಅವನ ಟವೆಲ್ ತುಳಿದುಕೊಂಡು ಪಕ್ಕದ ಜೋಳದ ಹೊಲಕ್ಕೆ ನಡೆಯಿತು.

ಪಂಪ್‌ಸೆಟ್ ಮನೆಯ ನೆರಳಲ್ಲಿ ಇಬ್ಬರೂ ಏದುಸಿರು ಬಿಡುತ್ತ ಕೂತರು.

"ಹೆಸ್ರಿಡ್ದು ಕೂಗ್ಬುಟ್ಟೆ, ತಪ್ಪಾಯ್ತು," ಅಂದಳು ಅವಳು.

"ಅದು ಬುಡು. ನೀನು ಅಷ್ಟು ಹೆದ್ರಿದ್ದೆ ಅಂತ ನಂಗೆ ಗೊತ್ತೇ ಆಗ್ನಿಲ್ಲ ಕಣೆ."

ಅವಳಿಗೆ ಅಳು ತಡೆಯಲಾಗಲಿಲ್ಲ. ಇಷ್ಟು ವರ್ಷ ದನಿಯಲ್ಲೇ ದಾಟಿಸಿದ್ದನ್ನೆಲ್ಲ ಇನ್ನು ನಾಚಿಕೆ ಬಿಟ್ಟು ಮಾತಿನಲ್ಲೇ ಹೇಳಬೇಕು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು: "ಹೆದ್ರಿದ್ದೆ. ಸತ್ತೋಯ್ತೀರಿ ಅನ್ಕಂಡೆ. ನೀವಂದ್ರೆ ನಂಗೆ ಪ್ರಾಣ ಕಣ್ರೀ."

ನೀಲಕಂಠಸ್ವಾಮಿ ಅವಳ ಮುಖವನ್ನೇ ನೋಡಿದ.

"ಅದು ಮುಂಚೆ ಗೊತ್ತಿತ್ತು," ಅಂದ. "ಈಗ ಆಗಾಗ ಹೇಳ್ತಿರು."