ನಮ್ಮ ಸೊಸೆ ಕೆಲಸ ಮಾಡುವುದಿಲ್ಲ

ಥಾಣೆಯ ಹತ್ತಿರದ ಐರೋಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹದಿಮೂರು ವರ್ಷ ನಾನು ಕ್ಯಾಂಟೀನ್ ನಡೆಸಿದೆ. ಕೆಳಗೆ ರೋಗಿಗಳನ್ನು ನೋಡಲು ಬಂದವರಿಗೆ ಇಡ್ಲಿ, ವಡೆ, ಚಹಾ. ಮೇಲೆ ವಾರ್ಡುಗಳಿಗೆ ರೋಗಿಗಳ ಊಟ. ಬೆಳಿಗ್ಗೆ ನರ್ಸುಗಳು ಚೀಟಿ ಕಳಿಸುತ್ತಿದ್ದರು. ಒಂದರಲ್ಲಿ ಉಪ್ಪು ಕಡಿಮೆ, ಇನ್ನೊಂದರಲ್ಲಿ ಸಕ್ಕರೆ ಬೇಡ, ಮತ್ತೊಂದರಲ್ಲಿ ಮೆತ್ತಗಿನ ಊಟ ಎಂದು ಬರೆದಿರುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಉಡುಪಿ ಕಡೆಯಿಂದ ಬಂದು ಹೋಟೆಲುಗಳಲ್ಲೇ ಬೆಳೆದವನು. ಊಟವೆಂದರೆ ರುಚಿಯಾಗಿರಬೇಕು, ಬಿಸಿಯಾಗಿರಬೇಕು, ಹೊತ್ತಿಗೆ ಸರಿಯಾಗಿ ತಲುಪಬೇಕು ಎಂಬುದಷ್ಟೇ ನನಗೆ ಗೊತ್ತಿತ್ತು. ಚೀಟಿ ಯಾವುದೇ ಇರಲಿ, ಎಲ್ಲರಿಗೂ ಒಂದೇ ಪಾತ್ರೆಯ ಖಿಚಡಿ, ಒಂದೇ ಪಾತ್ರೆಯ ಸಾಂಬಾರು ಹೋಗುತ್ತಿತ್ತು. ಉಪ್ಪು ಕಡಿಮೆ ಎಂದಿದ್ದವರ ತಟ್ಟೆಗೆ ಉಪ್ಪಿನಕಾಯಿ ಹಾಕುತ್ತಿರಲಿಲ್ಲ, ಅಷ್ಟೇ. ಅದೂ ತಪ್ಪೇ. ಆದರೆ ನಾನು ಇಲ್ಲಿ ಹೇಳಬೇಕೆಂದು ಕೂತಿರುವ ತಪ್ಪು ಬೇರೆ.

ನನ್ನ ಮಗನಿಗೆ ಬೇಲಾಪುರದ ಒಂದು ಕಚೇರಿಯಲ್ಲಿ ಕೆಲಸ. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಅವನ ಮದುವೆಯಾಯಿತು. ಸೊಸೆ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ನಮ್ಮ ಊರ ಕಡೆಯವರದೇ ಮಗಳು. ನಮ್ಮ ಮನೆಯ ತುಳು ಅವಳಿಗೆ ಅರ್ಥವಾಗುತ್ತಿತ್ತು, ಮಾತಾಡುವಾಗ ಮಾತ್ರ ಕನ್ನಡಕ್ಕೆ ಹಿಂದಿ ಬೆರೆಸುತ್ತಿದ್ದಳು. ಹೋಮ್ ಸೈನ್ಸ್‌ನಲ್ಲಿ ಬಿ.ಎಸ್ಸಿ. ಮಾಡಿದ್ದಳು. ಹೋಮ್ ಸೈನ್ಸ್ ಎಂದರೆ ಮನೆಗೆಲಸದ ಓದು ಎಂದುಕೊಂಡು ನಾವು ಸಂತೋಷಪಟ್ಟೆವು.

ಅವಳು ಕ್ಯಾಂಟೀನಿಗೆ ಬಂದದ್ದು ಆಕಸ್ಮಿಕ. ಒಮ್ಮೆ ಅಡುಗೆಯವನು ಊರಿಗೆ ಹೋಗಿ ಹದಿನೈದು ದಿನ ಬರಲಿಲ್ಲ. ತರಕಾರಿ ಹೆಚ್ಚಿಕೊಡಲೆಂದು ಕೋಪರಖೈರಣೆಯ ಮನೆಯಿಂದ ಅವಳನ್ನು ಕರೆತಂದೆ. ಎರಡನೆಯ ದಿನವೇ ಅವಳು ಸಾಂಬಾರು ರುಚಿ ನೋಡಿ ಸೌಟು ಕೆಳಗಿಟ್ಟಳು.

"ಮಾವ, ಇದು ಡಯಾಬಿಟೀಸ್‌ನವರಿಗೂ ಹೋಗ್ತದಾ? ಇದ್ರಲ್ಲಿ ಬೆಲ್ಲ ಉಂಟು."

"ಒಂದು ಚಿಟಿಕೆ ಮಾರಾಯ್ತಿ."

"ಚಿಟಿಕೆ ಅಂದ್ರೆ ಯಾರ ಚಿಟಿಕೆ? ಉಡುಪಿಯವ್ರ ಚಿಟಿಕೆ ನಮ್ಮ ಡೊಂಬಿವಲಿಯಲ್ಲಿ ಒಂದು ಮುಷ್ಟಿ ಆಗ್ತದೆ."

ಅಡುಗೆಯವನು ಬಂದ ಮೇಲೂ ಅವಳು ಬರುವುದನ್ನು ಬಿಡಲಿಲ್ಲ. ದಿನಾ ಹತ್ತು ಗಂಟೆಗೆ ಬಂದು ಚೀಟಿಗಳನ್ನು ಗುಂಪು ಮಾಡುವಳು, ಬೇರೆ ಬೇರೆ ಪಾತ್ರೆ ಇಡಿಸುವಳು, ಎರಡೂವರೆಯ ತನಕ ನಿಂತು ಪ್ರತಿ ತಟ್ಟೆಯನ್ನೂ ನೋಡಿ ಮೇಲೆ ಕಳಿಸುವಳು. ನಾಲ್ಕು ತಿಂಗಳಲ್ಲಿ ಊಟದ ಬಗ್ಗೆ ದೂರು ಬರುವುದೇ ನಿಂತಿತು. ಆಸ್ಪತ್ರೆಯ ದೊಡ್ಡ ಡಾಕ್ಟರು ನನ್ನ ಬೆನ್ನು ತಟ್ಟಿದರು. ಸೊಸೆ ಅಲ್ಲೇ ಹಿಂದೆ ನಿಂತಿದ್ದಳು. ನಾನು ಆ ಹೊಗಳಿಕೆಯನ್ನು ನನ್ನದೇ ಎನ್ನುವ ಹಾಗೆ ತೆಗೆದುಕೊಂಡೆ.

ಹೋಟೆಲಿನವರಾದ ನಮ್ಮಲ್ಲಿ ಒಂದು ಅಭ್ಯಾಸವಿದೆ. ಮನೆಯ ಹೆಂಗಸು ಎಷ್ಟು ದುಡಿದರೂ ಅದನ್ನು ಕೆಲಸ ಎನ್ನುವುದಿಲ್ಲ. ಸ್ವಲ್ಪ ಕೈ ಹಾಕುತ್ತಾಳೆ ಎನ್ನುತ್ತೇವೆ. ನನ್ನ ತಾಯಿ ಹಾಗೆ ಕೈ ಹಾಕಿದವಳು, ಹೆಂಡತಿಯೂ ಹಾಗೆಯೇ. ಎರಡು ವರ್ಷ ಸೊಸೆಯೂ ಕೈ ಹಾಕಿದಳು.

ಆಮೇಲೆ ಒಂದು ದಿನ ಅವಳು ಥಾಣೆಯ ಕಾಲೇಜೊಂದರ ಅರ್ಜಿ ತಂದಳು. ನ್ಯೂಟ್ರಿಷನ್ ಮತ್ತು ಡಯೆಟೆಟಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಬೇಕು, ಮುಗಿಸಿದರೆ ದೊಡ್ಡ ಆಸ್ಪತ್ರೆಯಲ್ಲಿ ಡಯೆಟಿಷಿಯನ್ ಆಗಬಹುದು ಎಂದಳು. ಡಿಗ್ರಿ ಮುಗಿದು ಕೆಲವು ವರ್ಷ ಕಳೆದವರು ಆಸ್ಪತ್ರೆಯ ಅಡುಗೆಮನೆಯಲ್ಲಿ ಒಂದು ವರ್ಷವಾದರೂ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಕೊಡಬೇಕಿತ್ತು. ಅವಳೇ ಅದನ್ನು ಟೈಪ್ ಮಾಡಿಸಿ ತಂದು, ಇಂಗ್ಲಿಷಿನಲ್ಲಿದ್ದುದನ್ನು ಸಾಲು ಸಾಲಾಗಿ ನನಗೆ ಕನ್ನಡದಲ್ಲಿ ಹೇಳಿದಳು. ನಾನು ಸಹಿ ಹಾಕಿ ಕ್ಯಾಂಟೀನಿನ ರಬ್ಬರ್ ಸ್ಟಾಂಪ್ ಒತ್ತಿಕೊಟ್ಟೆ. ಅಷ್ಟು ಧಾರಾಳವಾಗಿ ಸಹಿ ಹಾಕಲು ಕಾರಣವಿತ್ತು. ಸೀಟುಗಳು ಕಡಿಮೆ, ಇವಳಿಗೆಲ್ಲಿ ಸಿಗುತ್ತದೆ ಎಂದುಕೊಂಡಿದ್ದೆ.

ಅವಳ ಹೆಸರು ಸಂದರ್ಶನದ ಪಟ್ಟಿಯಲ್ಲಿ ಬಂತು. ಆ ದಿನ ಕ್ಯಾಂಟೀನಿಗೆ ಬರುವುದಿಲ್ಲ ಎಂದು ಮೊದಲೇ ಹೇಳಿ, ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟು ಥಾಣೆಯ ಲೋಕಲ್ ರೈಲು ಹಿಡಿದಳು. ಅಂದು ತಟ್ಟೆಗಳನ್ನು ನಾನೇ ನೋಡಿಕೊಂಡೆ. ಮೂರು ತಟ್ಟೆ ತಪ್ಪು ವಾರ್ಡಿಗೆ ಹೋದವು. ನರ್ಸು ಕೆಳಗಿಳಿದು ಬಂದು, "ಇವತ್ತು ಮೇಡಂ ಇಲ್ವಾ?" ಎಂದು ಕೇಳಿದಳು. ಆ ಮಾತು ನನಗೆ ಚುಚ್ಚಿತು. ಆಸ್ಪತ್ರೆಯವರು ಕ್ಯಾಂಟೀನಿನ ಗುತ್ತಿಗೆಯನ್ನು ಮುಂದುವರಿಸುವುದೋ ಬೇಡವೋ ಎಂಬುದು ಆ ಮಳೆಗಾಲ ಕಳೆದ ಮೇಲೆ ತೀರ್ಮಾನವಾಗಬೇಕಿತ್ತು. ಇವಳು ಕಾಲೇಜಿಗೆ ಹೋದರೆ ನನ್ನ ಗತಿಯೇನು ಎಂದು ಮಧ್ಯಾಹ್ನವಿಡೀ ಯೋಚಿಸಿದೆ.

ಮೂರು ಗಂಟೆಗೆ ಡೊಂಬಿವಲಿಯಿಂದ ನೆಂಟರೊಬ್ಬರು ಬಂದಿದ್ದರು, ನನ್ನ ಮಗಳಿಗೆ ಒಂದು ಸಂಬಂಧ ಹೇಳಲು. ತಿಂಡಿ ತಿಂದು ಅವರು ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದರು. ಆಗ ನನ್ನ ಮೊಬೈಲ್ ರಿಂಗಾಯಿತು. ಒಬ್ಬ ಹೆಂಗಸಿನ ದನಿ. ಕಾಲೇಜಿನಿಂದ ಎಂದು ಹಿಂದಿಯಲ್ಲಿ ಹೇಳಿ, ಸೊಸೆಯ ಹೆಸರು ಹಿಡಿದು, ಇವರು ನಿಮ್ಮಲ್ಲಿ ಕೆಲಸ ಮಾಡುತ್ತಾರೆಯೇ ಎಂದು ಕೇಳಿದರು.

ನಾನು ಹೇಳಿದೆ: "ಅವಳು ನಮ್ಮ ಮನೆಯ ಸೊಸೆ. ನಮ್ಮ ಸೊಸೆ ಕೆಲಸ ಮಾಡುವುದಿಲ್ಲ."

ಆಕೆ, ಅಡುಗೆಮನೆಗೆ ಬರುವುದೇ ಇಲ್ಲವೇ ಎಂದು ಇನ್ನೊಮ್ಮೆ ಕೇಳಿದರು. ತಿದ್ದಿಕೊಳ್ಳಲು ದೇವರು ಕೊಟ್ಟ ಅವಕಾಶ ಅದು. ಯಾವಾಗಲಾದರೊಮ್ಮೆ ಮನೆಯಿಂದ ನನ್ನ ಊಟದ ಡಬ್ಬಿ ತಂದುಕೊಡುತ್ತಾಳೆ ಎಂದೆ. ಫೋನ್ ಇಟ್ಟಾಗ ನೆಂಟರು ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಬಂದರು.

ಸಂಜೆ ಸೊಸೆ ಬಂದು, ಆಗಲಿಲ್ಲ, ಅನುಭವವನ್ನು ಒಪ್ಪಲಿಲ್ಲ ಎಂದಷ್ಟೇ ಹೇಳಿದಳು. ಮಗ ಕಾಲೇಜಿನವರನ್ನು ಬೈದ. ನಾನೂ ಅವನ ಜೊತೆ ಸೇರಿ ಬೈದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ. ಹೆಂಡತಿಗೆ ಮಾತ್ರ ಗುಟ್ಟಾಗಿ ಫೋನಿನ ವಿಷಯ ಹೇಳಿದೆ, ಅದೂ ಅರ್ಧ. ಸಂಬಂಧ ಹೇಳಲು ಬಂದವರು ಎದುರಿಗೇ ಕೂತಿದ್ದರು, ಅವರ ಮುಂದೆ ಸೊಸೆ ಕ್ಯಾಂಟೀನಿನಲ್ಲಿ ದುಡಿಯುತ್ತಾಳೆ ಎಂದು ಹೇಗೆ ಹೇಳುವುದು ಎಂದೆ. ಮಗಳ ಮದುವೆಯ ಮಾತು ಬಂದದ್ದೇ ಹೆಂಡತಿ ನನ್ನ ಪಕ್ಷವಾದಳು.

ಮರುದಿನ ಹತ್ತು ಗಂಟೆಗೆ ಸೊಸೆ ಎಂದಿನಂತೆ ಕ್ಯಾಂಟೀನಿಗೆ ಬಂದಳು. ಎಲ್ಲವೂ ಮೊದಲಿನಂತೆಯೇ ನಡೆಯಿತು. ಒಂದೇ ವ್ಯತ್ಯಾಸವೆಂದರೆ, ನನ್ನ ಜೊತೆ ಜಗಳವಾಡುವುದನ್ನು ಅವಳು ನಿಲ್ಲಿಸಿದಳು. ನಾನು ಸಾಂಬಾರಿಗೆ ಬೆಲ್ಲ ಹಾಕಿಸಿದರೆ ತಮಾಷೆ ಮಾಡುತ್ತಿರಲಿಲ್ಲ. ಮಾತಿಲ್ಲದೆ ಪಾತ್ರೆ ಬದಿಗಿಟ್ಟು ಬೇರೆ ಬೇಳೆ ಬೇಯಿಸುತ್ತಿದ್ದಳು. ಗುತ್ತಿಗೆ ಮುಂದುವರಿಯಿತು.

ಮುಂದಿನ ವರ್ಷ ಅರ್ಜಿಯ ಕಾಲ ಬಂದಾಗ ಅವಳು ಗಲ್ಲಾದ ಹತ್ತಿರ ಬಂದು ನಿಂತಳು. ನಾನು ಸ್ಟಾಂಪ್ ತೆಗೆಯಲು ಡ್ರಾಯರಿಗೆ ಕೈ ಹಾಕಿದೆ.

"ಸಹಿ ಬೇಡ ಮಾವ. ಈ ಸಲ ಇಂಟರ್‌ವ್ಯೂಗೆ ನೀವೇ ಬನ್ನಿ."

ನಾನು ಬಂದು ಏನು ಮಾಡಲಿ ಎಂದು ಕೇಳಿದೆ.

"ಹೋದ ವರ್ಷ ಅವ್ರು ಫೋನ್ ಸ್ಪೀಕರ್‌ಗೆ ಹಾಕಿದ್ರು. ನಾನು ಎದುರಿಗೇ ಕೂತಿದ್ದೆ."

ಅಷ್ಟು ಹೇಳಿ ತಟ್ಟೆಗಳ ಕಡೆ ಹೊರಟುಹೋದಳು. ಒಂದು ವರ್ಷ ನನಗೆ ಚಹಾ ಕೊಟ್ಟವಳು, ಜ್ವರ ಬಂದಾಗ ಗಂಜಿ ಮಾಡಿಕೊಟ್ಟವಳು, ನನ್ನ ಆ ದನಿಯನ್ನು ಕಿವಿಯಲ್ಲಿಟ್ಟುಕೊಂಡೇ ಅದನ್ನೆಲ್ಲ ಮಾಡಿದ್ದಳು. ಗಿರಾಕಿಗಳು ನಿಂತೇ ಇದ್ದರು. ನನಗೆ ಚಿಲ್ಲರೆ ಎಣಿಸಲು ಆಗಲಿಲ್ಲ.

ಥಾಣೆಯ ಆ ಕೋಣೆಯಲ್ಲಿ ಮೂವರು ಮೇಡಂಗಳು ಕೂತಿದ್ದರು. ಸೊಸೆ ಮೊದಲು ಒಳಗೆ ಹೋಗಿ ಕೇಳಿಕೊಂಡ ಮೇಲೆ ನನ್ನನ್ನೂ ಕರೆದರು. ನಡುವೆ ಕೂತಿದ್ದ ಕನ್ನಡಕದವರ ದನಿ ಕೇಳಿದ ಕೂಡಲೇ ಫೋನಿನಲ್ಲಿ ಮಾತಾಡಿದ್ದು ಇವರೇ ಎಂದು ಗೊತ್ತಾಯಿತು. ನನ್ನ ಹರಕು ಮರಾಠಿಯಲ್ಲಿ ಹೇಳಿದೆ, ಹೋದ ವರ್ಷ ನಾನು ಸುಳ್ಳು ಹೇಳಿದ್ದೆ, ಇವಳು ಮೂರು ವರ್ಷದಿಂದ ನಮ್ಮಲ್ಲಿ ರೋಗಿಗಳ ಊಟ ನೋಡಿಕೊಳ್ಳುತ್ತಿದ್ದಾಳೆ ಎಂದು.

ಅವರು ಸಿಟ್ಟಾಗಲಿಲ್ಲ. ಆಗ ಹೇಳಿದ್ದು ಸುಳ್ಳೋ ಈಗ ಹೇಳುತ್ತಿರುವುದು ಸುಳ್ಳೋ ಎಂದು ನಾವು ಹೇಗೆ ತಿಳಿಯಬೇಕು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಇವಳು ಅಲ್ಲಿ ಏನೇನು ಮಾಡುತ್ತಾಳೆ, ನೀವೇ ಹೇಳಿ ಎಂದರು. ಸೊಸೆ ಬಾಯಿ ತೆರೆಯದಂತೆ ಕೈ ಸನ್ನೆ ಮಾಡಿದರು.

ಮೂರು ವರ್ಷ ಕಣ್ಣೆದುರಿಗೆ ನಡೆದ ಕೆಲಸ. ಆದರೂ ಹೇಳಲು ಹೋದರೆ ನನಗೆ ಏನೂ ಗೊತ್ತಿಲ್ಲ. ಬೇರೆ ಪಾತ್ರೆ ಇಡುತ್ತಾಳೆ, ಚೀಟಿ ನೋಡುತ್ತಾಳೆ ಎಂದು ತಡವರಿಸಿದೆ. ಅದನ್ನು ಯಾರು ಬೇಕಾದರೂ ಹೇಳಬಹುದಿತ್ತು. ಕೊನೆಗೆ ನೆನಪಾದದ್ದು ನಾನು ಅವಳನ್ನು ಬೈದದ್ದು. ಕೆಲವು ರೋಗಿಗಳಿಗೆಂದು ಅವಳು ಬಟಾಟೆಯ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಗಂಟೆಗಟ್ಟಲೆ ನೆನೆಹಾಕಿ, ಆ ನೀರು ಚೆಲ್ಲಿ, ಮತ್ತೆ ಬೇರೆ ನೀರಿನಲ್ಲಿ ಬೇಯಿಸಿ, ಅದನ್ನೂ ಚೆಲ್ಲುತ್ತಿದ್ದಳು. ಬಟಾಟೆಯ ಸತ್ವವನ್ನೆಲ್ಲ ಮೋರಿಗೆ ಸುರಿಯುತ್ತೀಯಲ್ಲ, ನಿನಗೆ ಓದು ಕಲಿಸಿದವರು ಯಾರು ಎಂದು ನಾನು ಕೆಲಸದವರ ಮುಂದೆ ಎಷ್ಟೋ ಸಲ ಗದರಿಸಿದ್ದೆ. ಅದನ್ನೇ ಹೇಳಿದೆ.

ಯಾಕೆ ಹಾಗೆ ಮಾಡುತ್ತಿದ್ದಳು ಎಂದು ಮೇಡಂ ಕೇಳಿದರು.

"ಗೊತ್ತಿಲ್ಲ ಮೇಡಂ. ನಾನು ಕೇಳಲೇ ಇಲ್ಲ," ಎಂದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕನ್ನಡಕದವರು ಸೊಸೆಯ ಕಡೆ ತಿರುಗಿ, ಈಗ ನೀನು ಹೇಳು ಎಂದರು. ಮೂತ್ರಪಿಂಡ ಕೆಟ್ಟವರಿಗೆ ಬಟಾಟೆಯಲ್ಲಿರುವ ಪೊಟ್ಯಾಸಿಯಂ ಆಗಿಬರುವುದಿಲ್ಲ, ನೀರಿನಲ್ಲಿ ನೆನೆಹಾಕಿ ಬೇಯಿಸಿದರೆ ಅದು ಸಾಕಷ್ಟು ಕಡಿಮೆಯಾಗುತ್ತದೆ ಎಂದು ಅವಳು ಶುರುಮಾಡಿದಳು. ಮಾತು ಬೇಗನೆ ಇಂಗ್ಲಿಷಿಗೆ ಹೊರಳಿತು, ನನಗೆ ಎಟುಕಲಿಲ್ಲ. ಅವಳು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಹೊರಗೆ ಕೂತಿರಿ ಎಂದು ಯಾರೋ ಹೇಳಿದ ಮೇಲೆಯೇ ನಾನಿನ್ನೂ ಅಲ್ಲಿ ನಿಂತಿದ್ದೇನೆ ಎಂಬ ಅರಿವಾಯಿತು.

ವಾಪಸು ಬರುವಾಗ ಲೋಕಲ್‌ನಲ್ಲಿ ಸೀಟು ಸಿಕ್ಕಿತ್ತು. ಐರೋಲಿ ದಾಟಿದ ಮೇಲೆ, "ಮಗಾ, ಆ ದಿನ ನಾನು..." ಎಂದು ಬಾಯಿ ತೆರೆದೆ.

"ಈಗ ಬೇಡ ಮಾವ," ಎಂದಳು. "ಲಿಸ್ಟ್ ಬರ್ಲಿ. ಸೀಟ್ ಸಿಗ್ಲಿಲ್ಲ ಅಂದ್ರೆ ನನ್ನ ಬಾಯಿಂದ ಏನು ಬರ್ತದೋ, ನಂಗೇ ಗೊತ್ತಿಲ್ಲ."

ಲಿಸ್ಟಿನಲ್ಲಿ ಅವಳ ಹೆಸರು ಇರಲಿಲ್ಲ. ಕಾಯುವವರ ಪಟ್ಟಿಯಲ್ಲಿತ್ತು, ಮೂರನೆಯದು. ಆ ಹತ್ತು ಹನ್ನೆರಡು ದಿನ ಮನೆಯಲ್ಲಿ ಫೋನ್ ರಿಂಗಾದರೆ ನಾನೇ ಮೊದಲು ಓಡಿ ಎತ್ತುತ್ತಿದ್ದೆ. ನನ್ನ ಮಗಳ ಸಂಬಂಧ ನಿಶ್ಚಯವಾಗುವಾಗಲೂ ಅಷ್ಟು ಹರಕೆ ಹೊತ್ತವನಲ್ಲ ನಾನು. ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಕಾಲೇಜಿನವರು ಕರೆ ಮಾಡಿ, ಸೋಮವಾರ ಬಂದು ಫೀ ಕಟ್ಟಿ ಎಂದರು.

ಮಗ ಪೇಡೆ ತರಲು ಕೆಳಗೆ ಓಡಿದ. ಹೆಂಡತಿ ದೇವರಿಗೆ ದೀಪ ಹಚ್ಚಲು ಒಳಗೆ ಹೋದಳು. ಸೊಸೆ ಅಡುಗೆಮನೆಯ ಸ್ಟೂಲು ಎಳೆದುಕೊಂಡು ನನ್ನೆದುರು ಕೂತಳು.

"ಈಗ ಹೇಳಿ."

ಹೇಳಿದೆ. ಮೂರು ತಟ್ಟೆ ತಪ್ಪಿದ್ದು, ನರ್ಸು ಕೇಳಿದ ಮಾತು, ಗುತ್ತಿಗೆಯ ಹೆದರಿಕೆ, ಅವಳನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲದೆ ಹೋದದ್ದು. ಫೋನ್ ಬಂದಾಗ ನೆಂಟರು ಕೈ ತೊಳೆಯಲು ಹೋಗಿದ್ದರು, ಎದುರಿಗೆ ಯಾರೂ ಇರಲಿಲ್ಲ ಎಂಬುದನ್ನೂ ಹೇಳಿದೆ. ಅವಳು ನೆಲ ನೋಡುತ್ತ ಕೇಳಿಸಿಕೊಂಡಳು. ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

"ಹೋದ ವರ್ಷವೇ ಅತ್ತೆ ನಂಗೆ ಬೇರೆ ಹೇಳಿದ್ರು," ಎಂದಳು. "ಗೆಸ್ಟ್ ಎದುರಿಗಿದ್ರು, ಮಗಳ ಮದ್ವೆ ಮಾತು, ಅದಕ್ಕೇ ಮಾವ ಹಾಗೆ ಹೇಳಿದ್ರು, ನೀನು ಮನಸ್ಸಿಗೆ ಹಚ್ಕೋಬೇಡ ಅಂತ. ನಾನು ಅದನ್ನೇ ನಂಬಿದ್ದೆ. ಅವ್ರಿಗೂ ಸರಿಯಾದ್ದು ಹೇಳಿ."

ನಾನು ಎದ್ದು ದೇವರ ಕೋಣೆಗೆ ಹೋದೆ. ಹೆಂಡತಿ ಬತ್ತಿ ಸರಿಮಾಡುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದೆ. ಅವಳು ಬತ್ತಿ ಬಿಟ್ಟು ನನ್ನ ಕಡೆ ತಿರುಗಿದಳು.

"ಹಾಗಾದರೆ ಒಂದು ವರ್ಷ ನಾನೂ ಆ ಹುಡುಗಿಗೆ ಸುಳ್ಳು ಹೇಳಿದ ಹಾಗಾಯಿತಲ್ಲ?" ಎಂದು ಕೇಳಿದಳು.

ಹೌದು ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ನನ್ನನ್ನು ದಾಟಿ, ಸೊಸೆ ಕೂತಿದ್ದ ಕಡೆಗೆ ನಡೆದಳು.