ದೇವದೂತನ ಕುರ್ಚಿ

ಹಾಲು ಕಾಯಿಸಿ ಮುಚ್ಚಿಡಬೇಕು. ಅತ್ತೆಯ ಮಾತ್ರೆಗಳಲ್ಲಿ ಬೆಳಗಿನದು, ಮಧ್ಯಾಹ್ನದ್ದು ಬೇರೆ ಮಾಡಿ ಬಟ್ಟಲಲ್ಲಿಡಬೇಕು. ನಲ್ಲಿ ನಿಲ್ಲುವುದರೊಳಗೆ ಡ್ರಮ್ಮು ತುಂಬಿಸಬೇಕು. ಗಂಡನ ಚೀಲದಲ್ಲಿ ಟೆಸ್ಟರು, ಕಟಿಂಗ್ ಪ್ಲೇಯರು, ಟೇಪು ಇವೆಯೇ ನೋಡಬೇಕು. ಇಲ್ಲದಿದ್ದರೆ ಅವನು ಯಾರದೋ ಮನೆಯ ಏಣಿಯ ಮೇಲೆ ನಿಂತು ಫೋನು ಮಾಡಿ ಬೈಯುತ್ತಾನೆ. ನೆನೆಸಿದ ಬಟ್ಟೆ ಹಿಂಡಿ ಹರವಬೇಕು. ದೇವದೂತನ ಕುರ್ಚಿ ಒರೆಸಬೇಕು. ಗುರುವಾರವಾದರೆ ಗಂಡನ ಸಾಕ್ಷಿಯ ಅಂಗಿಗೆ ಒಂದು ಹಿಡಿ ಮೈದಾ ಉದುರಿಸಿ, ಕೈಯಿಂದ ಮೆತ್ತಗೆ ತಟ್ಟಬೇಕು.

ಇಷ್ಟಾದ ಮೇಲೆ ಬೇಕರಿಯವಳು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಡುತ್ತಾಳೆ. ಅಷ್ಟು ಹೊತ್ತಿಗೂ ಹೊರಗೆ ಕತ್ತಲೆಯೇ ಇರುತ್ತದೆ.

ದೇವದೂತನ ಕೆಲಸವೂ ಇವಳ ತಲೆಗೇ ಬಿದ್ದದ್ದು ಹೇಗೆ ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಗ ಗಂಡ ಕುಡಿಯುತ್ತಿದ್ದ. ಒಂದು ನಸುಕಿನಲ್ಲಿ ಅವಳು ಬಿಳಿ ಬಣ್ಣ ಬಳಿದ ಕೈಗಾಡಿಯಲ್ಲಿ ಬಿಸಿ ಬ್ರೆಡ್ಡು ತುಂಬಿಕೊಂಡು ಅಂಗಡಿಗಳಿಗೆ ಹಾಕಲು ಹೊರಟಿದ್ದಳು. ಇಳಿಜಾರಿನ ಕೆಳಗೆ, ಚರಂಡಿಯಿಂದ ಎರಡು ಕಾಲು ಮೇಲೆ ಬಂದಿದ್ದವು. ಮುಖ ನೋಡುವ ಅಗತ್ಯವೇ ಬೀಳಲಿಲ್ಲ. ಕಾಲುಚೀಲದ ಹಿಮ್ಮಡಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿದವಳು ಅವಳೇ. ಬ್ರೆಡ್ಡಿನ ಟ್ರೇಗಳನ್ನು ಒಂದು ಬದಿಗೆ ಒತ್ತಿ, ಗಂಡನ ಕಂಕುಳಿಗೆ ಕೈಹಾಕಿ ಎಳೆದು, ಗಾಡಿಗೆ ಹೇರಿಕೊಂಡು, ಇಳಿಜಾರು ಹತ್ತಿಸಿ ಮನೆಗೆ ತಂದಳು. ಬಾಗಿಲು ತೆಗೆದ ಅತ್ತೆ ಒಂದು ಕಾಲು ಹಿಡಿದರು. ಗಂಡನನ್ನು ಚಾಪೆಗೆ ಉರುಳಿಸಿ ಇವಳು ಮತ್ತೆ ಬ್ರೆಡ್ಡು ಹಾಕಲು ಓಡಿದಳು. ಅಪ್ಪಚ್ಚಿಯಾದ ಬ್ರೆಡ್ಡಿಗಾಗಿ ಮಾಲೀಕ ಎಲ್ಲರೆದುರು ಕೂಗಾಡಿದ. ಸೊಂಟ ಹಿಡಿದುಕೊಂಡದ್ದು ಬಹಳ ದಿನ ಬಿಡಲಿಲ್ಲ.

ಎಚ್ಚರವಾದಾಗ ಗಂಡ ಬೇರೆ ಮನುಷ್ಯನಾಗಿದ್ದ. ಬಿಳಿ ಬಟ್ಟೆ ತೊಟ್ಟ ದೇವದೂತನೊಬ್ಬ ಬಿಳಿಯ ರಥದಲ್ಲಿ ತನ್ನನ್ನು ಎತ್ತಿ ತಂದನಂತೆ. ಅವನ ಮೈಯಿಂದ ಆಗಷ್ಟೇ ಬೆಂದ ರೊಟ್ಟಿಯ ಪರಿಮಳ ಬರುತ್ತಿತ್ತಂತೆ. ನಂಬದಿದ್ದರೆ ಅಂಗಿ ನೋಡಿ, ಬೆನ್ನ ಮೇಲೆಲ್ಲ ಸ್ವರ್ಗದ ಧೂಳು. ಅಂದಿನಿಂದ ಅವನು ಬಾಟಲಿ ಮುಟ್ಟಲಿಲ್ಲ.

"ಅತ್ತೆ, ಅದು ನಾನು ಅಂತ ಹೇಳಿಬಿಡ್ಲಾ?" ಎಂದು ಅವಳು ಅಡುಗೆಮನೆಯಲ್ಲಿ ಕೇಳಿದ್ದಳು.

"ಬಾಯಿ ಮುಚ್ಕೊಂಡಿರು ಮಗಾ," ಎಂದಿದ್ದರು ಅತ್ತೆ. "ದೂತ ಎತ್ಕೊಂಡು ಬಂದ ಅಂದ್ರೆ ಕುಡಿಯಲ್ಲ. ಹೆಂಡತಿ ಎತ್ಕೊಂಡು ಬಂದ್ಳು ಅಂದ್ರೆ ಆ ಅವಮಾನಕ್ಕೇ ಕುಡೀತಾನೆ."

ಆ ಮಾತು ಅವಳೊಳಗೆ ಕೂತುಬಿಟ್ಟಿತು.

ಗುರುವಾರ ಸಂಜೆ ಅವಳ ಮನೆಯ ಹೊರಕೋಣೆಯಲ್ಲೇ ಪ್ರಾರ್ಥನಾ ಕೂಟ. ಹೆಚ್ಚು ಜನವೇನಿಲ್ಲ: ಕೂಟ ನಡೆಸುವ ನಿವೃತ್ತ ಮೇಷ್ಟ್ರು, ಆಸ್ಪತ್ರೆಯ ನರ್ಸಮ್ಮ, ಮೂಲೆಯ ಅಂಗಡಿಯ ಟೈಲರು, ಅತ್ತೆ, ಗಂಡ. ಹಾಡು, ಪ್ರಾರ್ಥನೆಯಾದ ಮೇಲೆ ಒಬ್ಬೊಬ್ಬರು ತಮ್ಮ ಬದುಕಿನ ಕತೆಯನ್ನು ಹೇಳಬೇಕು. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಗಂಡನ ಸಾಕ್ಷಿ ಕೇಳಿ ಮೇಷ್ಟ್ರು ಎಷ್ಟು ಕರಗಿಹೋದರೆಂದರೆ, ಅಂದೇ ಒಂದು ಪದ್ಧತಿ ಶುರು ಮಾಡಿದರು. ಕೋಣೆಯಲ್ಲಿ ಒಂದು ಕುರ್ಚಿ ದೇವದೂತನಿಗೆ ಖಾಲಿ ಬಿಡುವುದು. ಯಾವಾಗ ಬರುತ್ತಾನೋ ಯಾರು ಬಲ್ಲರು, ಬಂದಾಗ ನಿಲ್ಲಿಸಬಾರದು.

ಆ ಮನೆಯಲ್ಲಿ ಇದ್ದದ್ದು ಐದು ಕುರ್ಚಿ. ದೂತನಿಗೆ ಒಂದು, ಮೇಷ್ಟ್ರಿಗೆ, ನರ್ಸಮ್ಮನಿಗೆ, ಟೈಲರಿಗೆ, ಅತ್ತೆಗೆ ಒಂದೊಂದು. ಗಂಡ ಕಿಟಕಿಯ ಕಟ್ಟೆಯ ಮೇಲೆ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಹೇಗೂ ಟೀ ತರುವುದು ಅವಳೇ ತಾನೆ.

ದೂತನಿಗೂ ಒಂದು ಕಪ್ಪು ಟೀ ಇಡುತ್ತಿದ್ದರು, ಚಿನ್ನದ ಅಂಚಿನ ಕಪ್ಪಿನಲ್ಲಿ. ಅವನು ಕುಡಿಯುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಆರಿ ತಣ್ಣಗಾಗಿ ಕೆನೆಗಟ್ಟಿದ ಆ ಟೀಯನ್ನು ಚೆಲ್ಲಲು ಮನಸ್ಸಾಗದೆ ಅವಳೇ ನಿಂತು ಕುಡಿದು ಕಪ್ಪು ತೊಳೆಯುತ್ತಿದ್ದಳು. ಸಾಕ್ಷಿಗೆ ತೋರಿಸಲೆಂದು ಗಂಡ ಹೊರಕೋಣೆಯಲ್ಲಿ ತೂಗುಹಾಕಿದ್ದ ಆ ಅಂಗಿಯ ಹಿಟ್ಟಂತೂ ಹ್ಯಾಂಗರಿನಲ್ಲಿ ನಿಲ್ಲದೆ ವಾರವಾರವೂ ಉದುರಿಹೋಗುತ್ತಿತ್ತು. ಒಮ್ಮೆ ಹುಳವೂ ಬಿತ್ತು, ಬಿಸಿಲಿಗೆ ಹಾಕಿದಳು. "ಅಂಗಿ ರೆಡಿ ಇರ್ಲಿ," ಎನ್ನುತ್ತಿದ್ದ ಗಂಡ. ಬೇರೆ ಅಂಗಿಗಳಿಗೆ ಇಸ್ತ್ರಿ ಹೇಗಾಗುತ್ತದೆ ಎಂದು ಕೇಳದವನು ಇದನ್ನೂ ಕೇಳಲಿಲ್ಲ. ಅಂಗಿ ರೆಡಿ ಇರುತ್ತಿತ್ತು.

ಹೀಗಿರುವಾಗ ಒಂದು ಗುರುವಾರ ಮೇಷ್ಟ್ರು ಕನ್ನಡಕ ಒರೆಸುತ್ತ ತಲೆ ಎತ್ತಿದರು.

"ಈ ಸಲವೂ ಎಲ್ಲರದ್ದೂ ಒಂದು ಸುತ್ತು ಆಯ್ತು. ಟೈಲರದ್ದು ಎರಡು ಸಲ ಆಯ್ತು."

"ಎರಡನೇ ಸಲ ನೀವೇ ನಿದ್ದೆ ಮಾಡ್ತಿದ್ರಿ," ಎಂದ ಟೈಲರು.

"ಆದರೆ ಈ ತಾಯಿ ಸಾಕ್ಷಿ ಹೇಳೇ ಇಲ್ಲವಲ್ಲ." ಮೇಷ್ಟ್ರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. "ಮುಂದಿನ ವಾರ ನಿಮ್ಮದು, ಅಮ್ಮಾ."

ಗಂಡನಿಗೆ ಖುಷಿಯೋ ಖುಷಿ. ಅದಕ್ಕೆ ಕಾರಣವೂ ಇತ್ತು. ಆ ಗುರುವಾರ ಕಳೆದು ಬರುವ ಭಾನುವಾರ ದೊಡ್ಡ ಸಮಾವೇಶ, ಅಲ್ಲಿ ಅವನ ಸಾಕ್ಷಿ. ಬಾಗಿಲು ತೆಗೆದಾಗ ಬೆಳಕು ಕಂಡವರು ಯಾರಾದರೂ ಪಕ್ಕದಲ್ಲಿ ನಿಂತರೆ ಕತೆಗೆ ತೂಕ ಬರುತ್ತದೆ.

"ಏನಿಲ್ಲ, ಎರಡೇ ಮಾತು," ಎಂದು ಮನೆಯಲ್ಲಿ ಹೇಳಿಕೊಟ್ಟ. "ನಾನು ಪ್ರಾರ್ಥನೆ ಮಾಡ್ತಿದ್ದೆ. ಬಾಗಿಲ ಹತ್ರ ಬೆಳಕು ಬಂತು. ಆಮೇಲೆ ಅತ್ತುಬಿಡು."

"ಅಳು ಬರದಿದ್ರೆ?"

"ಈರುಳ್ಳಿ ಹೆಚ್ಚಿ ಬಾ."

"ನಾನು ಆ ಹೊತ್ತಲ್ಲಿ ಮನೇಲಿ ಇರ್ಲಿಲ್ಲ ಕಣ್ರೀ. ಬೇಕರಿಲಿದ್ದೆ."

"ಅದನ್ನೆಲ್ಲ ಯಾರು ಕೇಳ್ತಾರೆ?" ಎಂದ ಅವನು. ನಿಜವೇ, ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಆ ವಾರವೆಲ್ಲ ಹಿಟ್ಟು ನಾದುತ್ತ ಅವಳು ತನ್ನ ಸಾಕ್ಷಿಯನ್ನು ಮನಸ್ಸಿನಲ್ಲೇ ಕಟ್ಟಿದಳು. ಬೇರೆಯವರ ಕತೆಗಳಲ್ಲಿ ಒಂದು ಹಳ್ಳ ಇರುತ್ತಿತ್ತು, ಅದರಿಂದ ಮೇಲೆ ಬಂದದ್ದು ಇರುತ್ತಿತ್ತು. ಟೈಲರಿಗೆ ಇಸ್ಪೀಟು, ನರ್ಸಮ್ಮನಿಗೆ ಸಿಟ್ಟು, ಮೇಷ್ಟ್ರಿಗೆ ಬೀಡಿ. ತನ್ನ ಹಳ್ಳ ಯಾವುದು ಎಂದು ಹುಡುಕಿದಳು. ಬೀಳಲು ಪುರುಸೊತ್ತೇ ಸಿಕ್ಕಿರಲಿಲ್ಲ. ತಾನು ಇಳಿದದ್ದು ಒಂದೇ ಒಂದು ಹಳ್ಳಕ್ಕೆ, ಅದೂ ಇನ್ನೊಬ್ಬರನ್ನು ಎಳೆಯಲು. ಅದನ್ನು ಬಿಟ್ಟು ಬೇರೆ ಏನು ಹೇಳಿದರೂ ಅದು ತನ್ನ ಕತೆಯಾಗುವುದಿಲ್ಲ. ಹೇಳಿದರೆ ಅವನು ಮತ್ತೆ ಕುಡಿಯಬಹುದು. ಹಿಟ್ಟು ಮುಗಿಯಿತು, ಲೆಕ್ಕ ಮುಗಿಯಲಿಲ್ಲ.

"ದೇವರೇ, ನಿನಗೆ ಗೊತ್ತಲ್ಲ, ಅಷ್ಟು ಸಾಕು ಅಂದ್ಕೊಂಡಿದ್ದೆ," ಎಂದಳು ಒಲೆಯ ಮುಂದೆ. "ಈಗ ಸಾಲ್ತಾ ಇಲ್ಲ."

ಗುರುವಾರ ಬಂತು. ಸಾಕ್ಷಿ ಹೇಳುವವರು ಕೂತು ಹೇಳಬೇಕು, ಆದರೆ ಕೂರಲು ಕುರ್ಚಿ ಇಲ್ಲ. ಟೈಲರು ದೂತನ ಕುರ್ಚಿಯತ್ತ ಕೈ ತೋರಿಸಿದ. ಮೇಷ್ಟ್ರು ಕೆಮ್ಮಿದರು. ಟೈಲರು ಕೈಯನ್ನು ಜೇಬಿಗಿಟ್ಟುಕೊಂಡ. ಕೊನೆಗೆ ಅವಳು ನಿಂತೇ ಶುರು ಮಾಡಿದಳು.

ಹಾಲು ಕಾಯಿಸುವುದರಿಂದ ಹಿಡಿದು ಹೇಳಿದಳು, ಬೇರೆ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗಲಿಲ್ಲ. ಡ್ರಮ್ಮು, ಮಾತ್ರೆ, ಬಟ್ಟೆ. ಗಂಡ "ಬೆಳಕು, ಬೆಳಕು" ಎಂದು ತುಟಿ ಅಲ್ಲಾಡಿಸುತ್ತಿದ್ದ. ಅವಳು ಕೈಗಾಡಿಗೆ ಬಂದಳು, ಇಳಿಜಾರಿಗೆ ಬಂದಳು, ನೀಲಿ ದಾರ ಹಾಕಿದ ಕಾಲುಚೀಲಕ್ಕೆ ಬಂದಳು. "ನಾನೇ ಎಳೆದು ಗಾಡಿಗೆ ಹಾಕ್ದೆ," ಎಂದಳು. "ನಾನೇ ತಳ್ಕೊಂಡು ಬಂದೆ. ಅಂಗಿ ಮೇಲಿರೋದು ಬೇಕರಿ ಹಿಟ್ಟು."

ನರ್ಸಮ್ಮನ ಕಣ್ಣು ತುಂಬಿತು. ಬೇಕರಿಯವಳಿಗೆ ಎದೆಯ ಮೇಲಿದ್ದ ಹಿಟ್ಟಿನ ಮೂಟೆ ಇಳಿದಂತಾಯಿತು.

ಮೇಷ್ಟ್ರು ನಿಧಾನವಾಗಿ ಎದ್ದು ನಿಂತರು. "ಸ್ತೋತ್ರ," ಎಂದರು. "ಎಂಥಾ ದೊಡ್ಡ ಕೆಲಸ. ದೂತ ಈ ತಾಯಿಯ ರೂಪದಲ್ಲೇ ಬಂದಿದ್ದಾನೆ."

"ಇಲ್ಲ ಮೇಷ್ಟ್ರೇ. ಬಂದಿದ್ದು ನಾನೇ."

"ನಿಮಗೆ ಹಾಗೇ ಅನ್ನಿಸಿರುತ್ತೆ ಅಮ್ಮಾ. ಅದೇ ವಿಶೇಷ."

"ನಂಗೆ ಸೊಂಟ ಹಿಡ್ಕೊಂಡಿತ್ತು."

"ನಿಮ್ಮ ಸೊಂಟಾನೇ ಉಪಯೋಗಿಸಿದ್ದಾನೆ," ಎಂದರು ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತ.

"ಕೇಳ್ದೇನೆ?" ಎಂದ ಟೈಲರು.

ಗಂಡ ಕಿಟಕಿಯ ಕಟ್ಟೆಯಿಂದ ಇಳಿದ. ಅವನ ಮುಖ ಕೆಂಪಾಗಿತ್ತು. "ಅವನು ಇವಳಿಗಿಂತ ಎತ್ತರ ಇದ್ದ. ನಾನು ಕಣ್ಣಾರೆ ನೋಡಿದ್ದೀನಿ."

"ನೀವು ಬಿದ್ಕೊಂಡಿದ್ರಿ," ಎಂದಳು ಅವಳು. "ಬಿದ್ದವರಿಗೆ ಎಲ್ಲರೂ ಎತ್ತರವಾಗೇ ಕಾಣ್ತಾರೆ."

"ಹಿಟ್ಟು?" ಎಂದು ನರ್ಸಮ್ಮ ಅಂಗಿಯನ್ನು ಮೂಸಿ ನೋಡಿದರು. "ಮೈದಾ ವಾಸನೆ ಬರುತ್ತಪ್ಪ."

"ಮತ್ತೆ ಮನ್ನ ಅಂದ್ರೆ ಏನು ಅಂದ್ಕೊಂಡ್ರಿ?" ಎಂದರು ಮೇಷ್ಟ್ರು. "ಅರಣ್ಯದಲ್ಲಿ ಜನಕ್ಕೆ ಆಕಾಶದಿಂದ ಬಿದ್ದ ರೊಟ್ಟಿ ಅದು. ರೊಟ್ಟಿ ಅಂದ ಮೇಲೆ ಹಿಟ್ಟು ಇರಲ್ವೇ?"

ಅವಳು ಅತ್ತೆಯತ್ತ ತಿರುಗಿದಳು. ಇನ್ನು ಉಳಿದದ್ದು ಅವರೊಬ್ಬರೇ. "ಅತ್ತೆ, ಬಾಗಿಲು ತೆಗೆದಿದ್ದು ನೀವಲ್ವಾ? ಹೇಳಿ."

ಅತ್ತೆ ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವರು ಅಂದು, ಪಾಪ, ಸೊಸೆಯ ಪರವಾಗಿಯೇ ಮಾತಾಡಿದರು. "ತೆಗೆದೆ. ಅದು ನಂಗೆ 'ಅತ್ತೆ, ಒಂದು ಕಾಲು ಹಿಡ್ಕೊಳ್ಳಿ' ಅಂತು. ಆಮೇಲೆ 'ಹಾಲು ಕಾಯ್ಸಿಟ್ಟಿದ್ದೀನಿ, ಬೆಕ್ಕು ಬಾಯಿ ಹಾಕೀತು' ಅಂತ ಹೇಳಿ ಹೋಯ್ತು."

ಮೇಷ್ಟ್ರು ಕೈಜೋಡಿಸಿದರು. "ದನಿ ಕೂಡ ಇವರದ್ದೇ. ಮನೆಯ ಹಾಲಿನ ಚಿಂತೆ ಕೂಡ. ಎಷ್ಟು ಪೂರ್ತಿಯಾಗಿ ರೂಪ ತಾಳಿದ್ದಾನೆ ನೋಡಿ."

"ಹಾಗಾದ್ರೆ ಆ ಹೊತ್ತಲ್ಲಿ ಇವರು ಎಲ್ಲಿದ್ರು?" ಎಂದು ಟೈಲರು ನಿಜವಾದ ಕುತೂಹಲದಿಂದ ಕೇಳಿದ.

ಪಾಪ, ಈ ಹೆಣ್ಣುಮಗಳಿಗೆ ದೂತ ಒಂದು ಬೆಳಗಿನ ವಿಶ್ರಾಂತಿ ಕೊಟ್ಟಿರಬೇಕು, ಎಲ್ಲೋ ಒಂದು ಕಡೆ ಮಲಗಿದ್ದಿರಬೇಕು ಎಂದು ಕೂಟ ತೀರ್ಮಾನಕ್ಕೆ ಬಂತು. ಆ ವಿಶ್ರಾಂತಿಗಾಗಿ ದೇವರಿಗೆ ಕೃತಜ್ಞತೆಯ ಹಾಡೂ ಆಯಿತು. ಹಾಡು ಮುಗಿದ ಮೇಲೆ ಎಲ್ಲರೂ ಅಡುಗೆಮನೆಯ ಕಡೆ ನೋಡಿದರು, ಟೀ ಹೊತ್ತಾಗಿತ್ತು.

ಅವಳು ಟೀ ತಂದಳು. ದೂತನ ಕಪ್ಪನ್ನೂ ತಂದಳು.

ಎಲ್ಲರೂ ಹೋದ ಮೇಲೆ ಗಂಡ ಬಳಿ ಬಂದ. ಈಗ ಬಾಟಲಿ ಹುಡುಕಿ ಹೊರಡುತ್ತಾನೆ ಎಂದು ಅವಳು ಅವನ ಚಪ್ಪಲಿಯನ್ನೇ ನೋಡುತ್ತಿದ್ದಳು. ಅವನು ಹೊರಡಲಿಲ್ಲ. ಅವನ ಮುಖದಲ್ಲಿ ಹೊಸ ಕಳೆ ಇತ್ತು.

"ನಿನ್ನ ರೂಪದಲ್ಲೇ ಬಂದ ಅನ್ನೋದು ಚೆನ್ನಾಗಿದೆ," ಎಂದ. "ಭಾನುವಾರ ಹಾಗೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ, ಜನಕ್ಕೆ ಅಂದಾಜು ಸಿಗ್ಲಿ. ಮಾತಾಡೋದು ಬೇಡ. ಸೊಂಟದ ವಿಷಯ ಬಿಟ್ಬಿಡು."

"ನಾನಲ್ಲ ಅಂತಾದ್ರೆ ಸೊಂಟ ಯಾರದ್ದು?"

"ಅಂಗಿ ರೆಡಿ ಇರ್ಲಿ," ಎಂದು ಅವನು ಮಲಗಲು ಹೋದ.

ಭಾನುವಾರ ಬೆಳಗಾಗುವ ಮುಂಚೆ ಅವಳು ಹಾಲು ಕಾಯಿಸಿ ಮುಚ್ಚಿಟ್ಟಳು. ಮಾತ್ರೆ ಬೇರೆ ಮಾಡಿದಳು, ಏಕೆಂದರೆ ಅತ್ತೆಯ ಕಾಯಿಲೆ ಅತ್ತೆಯದು. ಡ್ರಮ್ಮು ತುಂಬಿತು. ಬಟ್ಟೆ ಹರವಿದಳು. ಹಿಟ್ಟಿನ ಡಬ್ಬ ತೆಗೆದು, ಹ್ಯಾಂಗರಿನಲ್ಲಿದ್ದ ಸಾಕ್ಷಿಯ ಅಂಗಿಯ ಮುಂದೆ ನಿಂತಳು.

ಬೆನ್ನ ಮೇಲೆ ಅಲ್ಲಲ್ಲಿ ಬಿಳಿ ಉಳಿದಿತ್ತು. ಅದು ಕಳೆದ ಗುರುವಾರ ತಾನೇ ತಟ್ಟಿದ್ದು. ಅವನು ಮತ್ತೆ ಕುಡಿಯಬಹುದು, ಕುಡಿಯದೆಯೂ ಇರಬಹುದು. ಅದನ್ನು ಅವನೇ ನೋಡಿಕೊಳ್ಳಲಿ. ಬಿದ್ದರೆ ಎತ್ತಲು, ಅವರೆಲ್ಲ ಹೇಳುವ ಹಾಗೆ, ದೂತ ಇದ್ದಾನಲ್ಲ.

ಡಬ್ಬ ಮುಚ್ಚಿದಳು. ಅಂಗಿಯನ್ನು ಬಕೆಟ್ಟಿಗೆ ಅದ್ದಿದಳು. ನೀರು ಬೆಳ್ಳಗಾಗಿ ಅಂಟಂಟಾಯಿತು. ಸಾಬೂನು ಹಾಕಿ ಉಜ್ಜಿ, ಮತ್ತೊಮ್ಮೆ ಜಾಲಿಸಿ, ಉಳಿದ ಬಟ್ಟೆಗಳ ನಡುವೆ ತಂತಿಗೆ ಹಾಕಿದಳು. ಬೇರೆ ಅಂಗಿಗಳ ಪಕ್ಕದಲ್ಲಿ ಅದೂ ಒಂದು ಅಂಗಿಯಾಗಿ ನೇತಾಡಿತು, ಒಂದು ಗುಂಡಿ ಕಡಿಮೆ.

ಆಮೇಲೆ ಟೀ ಮಾಡಿ ಫ್ಲಾಸ್ಕಿಗೆ ಸುರಿದಳು. ಚಿನ್ನದ ಅಂಚಿನ ಕಪ್ಪನ್ನು ಚೀಲದಲ್ಲಿಟ್ಟುಕೊಂಡಳು. ಹೊರಕೋಣೆಗೆ ಬಂದು ದೂತನ ಕುರ್ಚಿಯನ್ನು ಒರೆಸದೆ ಎತ್ತಿ ಹೆಗಲಿಗೇರಿಸಿಕೊಂಡಳು. ಬೇಕರಿಯಲ್ಲಿ ಕೂರಲು ಒಂದು ಸ್ಟೂಲೂ ಇರಲಿಲ್ಲ. ಜಾಗ ಇಲ್ಲ ಎಂದು ಮಾಲೀಕ ಹೇಳುತ್ತಲೇ ಬಂದಿದ್ದ. ಒಲೆಯ ಪಕ್ಕದಲ್ಲಿ ಜಾಗ ಇದೆ ಎಂದು ಅವಳಿಗೆ ಗೊತ್ತಿತ್ತು.

ಬೀದಿಯಲ್ಲಿ ಎದುರಾದ ಪೇಪರಿನವನು ಸೈಕಲ್ ನಿಧಾನ ಮಾಡಿದ. "ಅಕ್ಕ, ಕುರ್ಚಿ ಎಲ್ಲಿಗೆ?"

"ಕೆಲಸಕ್ಕೆ," ಎಂದಳು.

ಇಳಿಜಾರಿನ ಕೆಳಗೆ, ಚರಂಡಿಯ ಹತ್ತಿರ ಬರುವಷ್ಟರಲ್ಲಿ ಹೆಗಲು ನೋಯತೊಡಗಿತು. ಕುರ್ಚಿಯನ್ನು ನೆಲಕ್ಕಿಳಿಸಿ, ನಾಲ್ಕೂ ಕಾಲು ಸರಿಯಾಗಿ ಊರಿವೆಯೇ ಅಲ್ಲಾಡಿಸಿ ನೋಡಿ, ಅದರಲ್ಲಿ ಕೂತಳು. ಕಪ್ಪಿಗೆ ಟೀ ಸುರಿದುಕೊಂಡಳು. ಹಬೆ ಮುಖಕ್ಕೆ ಬಂತು. ಒಲೆ ಹೊತ್ತಿಸುವ ಹೊತ್ತು ಆಗಲೇ ಮೀರುತ್ತಿತ್ತು. ಕಪ್ಪು ಖಾಲಿಯಾಗುವವರೆಗೂ ಅವಳು ಏಳಲಿಲ್ಲ.